ಮುಪ್ಪಿನ ವಸಡೂ ಮೂಲಿಕೆಯ ಗುಳಿಗೆಯೂ

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ನಾವು ವಿಧಿಯ ವಿಪರೀತವನ್ನು ಕುರಿತು ಆಡುವ ಮಾತೆಂದೇ ತಿಳಿದು ಬಂದಿದ್ದೇವೆ. ಬಡತನದಲ್ಲಿ ಕಳೆದ ಯೌವನಕ್ಕೆ ಮುಪ್ಪಿನಲ್ಲಿ ಬಂದ ಸಿರಿಯಿಂದ ಏನು ಫಲ ಎಂಬುದು ಅದರ ತಾತ್ಪರ್ಯ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ನಾನೂ ಅದನ್ನು ಹಾಗೆಯೇ ವಿವರಿಸುತ್ತ ಬಂದವನು. ಆದರೆ ಆ ಗಾದೆಯೊಳಗೆ ಇನ್ನೊಂದು ಮಾತು ಅಡಗಿದೆ. ಮುಪ್ಪು ಬಂದಮೇಲೆ ಹಲ್ಲು ಹೋಗತಕ್ಕದ್ದೇ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ ಎಂಬ ಒಪ್ಪಿಗೆ ಅದು. ಈ ಒಪ್ಪಿಗೆ ನನ್ನ ಗಮನಕ್ಕೆ ಬಂದದ್ದು ಈಚೆಗೆ. ಅದೂ ಪುಸ್ತಕದಿಂದಲ್ಲ, ನನ್ನ ತಾಯಿಯ ಬಾಯಿಂದ.

ಕಳೆದ ವರ್ಷದ ಮಳೆಗಾಲದ ಒಂದು ದಿನ. ಬೆಳಿಗ್ಗೆ ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ವರ್ಣಗಳ ಉತ್ಪತ್ತಿಸ್ಥಾನವನ್ನು ಹೇಳುತ್ತಿದ್ದೆ. ತ, ಥ, ದ, ಧ, ನ ಇವು ದಂತ್ಯಗಳು. ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಯನ್ನು ಮುಟ್ಟಿದಾಗ ಹುಟ್ಟತಕ್ಕವು ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದೆ. ಸಂಜೆ ಊರಿನಿಂದ ಅಮ್ಮ ದೂರವಾಣಿಯಲ್ಲಿ ಮಾತನಾಡಿದಳು. ‘ದೇವಸ್ಥಾನ’ ಎಂಬ ಮಾತು ಅವಳ ಬಾಯಲ್ಲಿ ಎರಡು ಕಡೆ ಜಾರಿ, ಕಡೆಗೆ ಗಾಳಿಯಾಗಿ ಹೊರಬಂದಿತು. ಕೇಳಿದರೆ, ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳು ಆ ವಾರ ಒಂದಾದಮೇಲೊಂದು ಕಳಚಿ ಬಿದ್ದಿದ್ದುವು. ನೋವಿರಲಿಲ್ಲವಂತೆ. “ಎಪ್ಪತ್ತಮೂರು ತುಂಬಿತಲ್ಲಪ್ಪ, ಇನ್ನೇನು! ಆದರೂ ನೀನು ತಂದುಕೊಟ್ಟ ಗುಳಿಗೆಯನ್ನು ಒಂದು ದಿನವೂ ತಪ್ಪಿಸಿಲ್ಲ” ಎಂದಳು. ಅವಳು ಅದನ್ನು ನನ್ನ ಸಮಾಧಾನಕ್ಕೆಂದು ಹೇಳಿದ್ದಳು. ನನಗೆ ಅದೇ ಚುಚ್ಚಿತು.

ಆ ಗುಳಿಗೆಯನ್ನು ತಂದುಕೊಟ್ಟವನು ನಾನೇ. ಅದಕ್ಕೆ ಹನ್ನೊಂದು ತಿಂಗಳ ಹಿಂದೆ, ಬಾಯಿ ಮುಕ್ಕಳಿಸಿದಾಗ ರಕ್ತ ಬರುತ್ತದೆಂದು ಅಮ್ಮ ಹೇಳಿದ್ದಳು. ವಸಡನ್ನು ಗಟ್ಟಿಮಾಡಿ ಅಲುಗುವ ಹಲ್ಲನ್ನು ನಿಲ್ಲಿಸುವುದೆಂದು ಹೇಳಿಕೊಳ್ಳುವ ಒಂದು ಮೂಲಿಕಾ ಗುಳಿಗೆಯ ಜಾಹೀರಾತು ಅದೇ ದಿನಗಳಲ್ಲಿ ನನ್ನ ಕಣ್ಣಿಗೆ ಬಿದ್ದಿತ್ತು. ಬೇವು, ತ್ರಿಫಲಾ, ಅರಿಶಿನ, ಲವಂಗ, ಯಷ್ಟಿಮಧು, ಎಲ್ಲ ಹೆಸರುಗಳೂ ಅದರ ಮೇಲಿದ್ದುವು. ‘ದಂತಮೂಲ’ ಎಂಬ ಶಬ್ದವನ್ನು ಸೀಸೆಯ ಮೇಲೆ ತಪ್ಪಿಲ್ಲದೆ ಅಚ್ಚುಮಾಡಿದ್ದರು. ಕನ್ನಡ ಮೇಷ್ಟರಿಗೆ ಅಷ್ಟು ಸಾಕಾಯಿತು. ತಿಂಗಳಿಗೆ ಒಂಬೈನೂರು ರೂಪಾಯಿಯಂತೆ ಹಣ ಕಟ್ಟಿ, ಮಗನ ಕರ್ತವ್ಯ ಮುಗಿಯಿತೆಂದು ನಾನು ನಿಶ್ಚಿಂತನಾದೆ. ಹಲ್ಲಿನ ವೈದ್ಯರ ಬಳಿಗೆ ಅವಳನ್ನು ಕರೆದೊಯ್ಯಲು ಬೇಕಾಗಿದ್ದುದು ಒಂದು ದಿನದ ರಜೆ. ಅದನ್ನು ಮಾತ್ರ ನಾನು ಹಾಕಲಿಲ್ಲ.

ಇದು ನನ್ನ ಮನೆಯೊಂದರ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ೨೦೧೧ರ ಜನಗಣತಿಯಲ್ಲಿಯೇ ನಮ್ಮ ದೇಶದಲ್ಲಿ ಅರುವತ್ತು ದಾಟಿದವರ ಸಂಖ್ಯೆ ೧೦ ಕೋಟಿಯನ್ನು ಮೀರಿತ್ತು. ಭಾರತೀಯ ದಂತವೈದ್ಯ ಪರಿಷತ್ತು ೨೦೦೨–೦೩ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ೩೫ರಿಂದ ೪೪ ವರ್ಷದವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಗೆ ವಸಡಿನ ತೊಂದರೆಯ ಯಾವುದಾದರೊಂದು ಲಕ್ಷಣವಿತ್ತು; ೬೫ರಿಂದ ೭೪ ವರ್ಷದವರಲ್ಲಿ ಅದು ಸುಮಾರು ಎಂಬತ್ತು. ವಯಸ್ಸು ಹೆಚ್ಚಿದಂತೆ ರೋಗ ಕಡಮೆಯಾಯಿತೇ ಎಂದು ವಾಚಕರು ಆಶ್ಚರ್ಯಪಡಬಹುದು. ಬಿದ್ದುಹೋದ ಹಲ್ಲಿನ ಸುತ್ತಣ ವಸಡು ಲೆಕ್ಕಕ್ಕೆ ಸಿಗುವುದಿಲ್ಲವೆಂಬುದನ್ನು ನೆನೆದರೆ ಆ ಆಶ್ಚರ್ಯ ವಿಷಾದವಾಗಿ ಮಾರ್ಪಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಪ್ರಕಟಿಸಿದ ವರದಿಯಂತೆ, ಜಗತ್ತಿನಲ್ಲಿ ತೀವ್ರವಾದ ವಸಡುರೋಗಕ್ಕೆ ಸಿಕ್ಕಿದವರು ೧೦೦ ಕೋಟಿಗೂ ಹೆಚ್ಚು; ಅರುವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು ಇಪ್ಪತ್ತಮೂರು ಮಂದಿ ಬೊಚ್ಚುಬಾಯಿಯವರು. ಇಂಥ ದೊಡ್ಡ ಜನಸ್ತೋಮದ ಮುಂದೆ ಸೀಸೆಗಳ ಸಂತೆ ನೆರೆಯುವುದು ಸಹಜವೇ.

ಹಾಗಾದರೆ ಈ ರೋಗವೆಂದರೇನು? ಊಟದ ಅನಂತರ ಹಲ್ಲಿನ ಮೇಲೆ ಒಂದು ತೆಳುವಾದ ಲೋಳೆಯ ಪದರ ಕೂಡುತ್ತದೆ. ಅದು ಬರಿಯ ಎಂಜಲಲ್ಲ; ಅಸಂಖ್ಯ ಸೂಕ್ಷ್ಮಜೀವಿಗಳ ಬೀಡು. ದಿನದಿನವೂ ತಿಕ್ಕಿ ತೆಗೆದರೆ ತೊಂದರೆಯಿಲ್ಲ. ತೆಗೆಯದೆ ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಅದರಲ್ಲಿ ಸೇರಿ, ಹಂಡೆಯ ಒಳಬದಿಗೆ ಕಟ್ಟುವ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಇದೇ ಹಲ್ಲಿನ ಕಿಟ್ಟ. ಕಿಟ್ಟದ ಒರಟು ಮೈಮೇಲೆ ಮತ್ತೆ ಲೋಳೆ ಕೂಡುತ್ತದೆ. ಅದರೊಡನೆ ದೇಹ ಹೂಡುವ ಹೋರಾಟವೇ ವಸಡಿನ ಕೆಂಪು, ಊತ, ರಕ್ತಸ್ರಾವ. ಇಲ್ಲಿಗೆ ನಿಂತರೆ ರೋಗ ಪೂರ್ಣವಾಗಿ ಗುಣವಾಗತಕ್ಕದ್ದು. ನಿಲ್ಲದೆ ಮುಂದುವರಿದರೆ ವಸಡು ಹಲ್ಲನ್ನು ಬಿಟ್ಟು ಸರಿದು ನಡುವೆ ಒಂದು ಚೀಲ ಏರ್ಪಡುತ್ತದೆ. ಆರೋಗ್ಯವಂತನ ವಸಡಿನಲ್ಲಿ ಈ ಸಂದಿನ ಆಳ ಸುಮಾರು ೩ ಮಿಲಿಮೀಟರನ್ನು ಮೀರದು. ರೋಗಿಯಲ್ಲಿ ಅದರ ಇಮ್ಮಡಿಯೂ ಆಗಬಹುದು. ಚೀಲದ ತಳದಲ್ಲಿ, ಹಲ್ಲನ್ನು ಹಿಡಿದು ನಿಲ್ಲಿಸಿದ ಮೂಳೆ ಮೆಲ್ಲಮೆಲ್ಲನೆ ಕರಗುತ್ತ ಹೋಗುತ್ತದೆ. ಕರಗಿದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ. ಮೊದಲನೆಯ ಘಟ್ಟವನ್ನು ವಸಡಿನ ಉರಿಯೂತವೆಂದೂ ಎರಡನೆಯದನ್ನು ಮೂಳೆಗೆ ಇಳಿದ ರೋಗವೆಂದೂ ಕರೆಯೋಣ. ಸೀಸೆ ಮಾರುವವರ ಮಾತಿನಲ್ಲಿ ಇವೆರಡೂ ಒಂದೇ ಆಗಿಬಿಟ್ಟಿವೆ. ಗೊಂದಲದ ಮೂಲ ಇಲ್ಲಿದೆ.

ಲೋಳೆಯೇ ಉರಿಯೂತಕ್ಕೆ ಕಾರಣವೆಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟವನು ಹರಾಲ್ಡ್ ಲೋ ಎಂಬ ವಿದ್ವಾಂಸ. ೧೯೬೫ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಅವನೂ ಅವನ ಸಂಗಡಿಗರೂ ಆರೋಗ್ಯವಾದ ವಸಡುಳ್ಳ ಹನ್ನೆರಡು ಮಂದಿಯನ್ನು ಆರಿಸಿ, ಹಲ್ಲುಜ್ಜುವುದನ್ನೇ ನಿಲ್ಲಿಸಿರೆಂದು ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನಗಳ ಒಳಗಾಗಿ ಹನ್ನೆರಡು ಮಂದಿಗೂ ವಸಡು ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಯಾವ ಔಷಧಿಯೂ ಇಲ್ಲ, ಯಾವ ಗುಳಿಗೆಯೂ ಇಲ್ಲ. ಕಸ ನಿಂತದ್ದರಿಂದ ಬಂದದ್ದು ಕಸ ತೆಗೆದದ್ದರಿಂದ ಹೋಯಿತು.

ಆತನೇ ಮುಂದೆ ಶ್ರೀಲಂಕೆಯಲ್ಲಿ ನಡೆಸಿದ ಅವಲೋಕನ ನಮಗೆ ಇನ್ನೂ ಹತ್ತಿರದ್ದು. ೧೯೭೦ರಲ್ಲಿ ಅಲ್ಲಿನ ಚಹಾ ತೋಟಗಳ ೪೮೦ ಮಂದಿ ತಮಿಳು ಕೂಲಿಗಾರರ ಬಾಯಿಯನ್ನು ಪರೀಕ್ಷಿಸಿ, ಹದಿನೈದು ವರ್ಷಗಳ ಕಾಲ ಅವರನ್ನು ಆಗಾಗ ನೋಡುತ್ತ ಬಂದರು. ಕುಂಚದಿಂದ ಹಲ್ಲುಜ್ಜುವ ಪದ್ಧತಿಯಾಗಲಿ ದಂತವೈದ್ಯರ ನೆರವಾಗಲಿ ಆ ಜನಕ್ಕೆ ಇರಲಿಲ್ಲ. ವಸಡಿನ ಉರಿಯೂತ ಬಹುಮಟ್ಟಿಗೆ ಎಲ್ಲರಲ್ಲಿಯೂ ಇತ್ತು. ಆದರೆ ೧೯೮೬ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೂರಕ್ಕೆ ಎಂಟು ಮಂದಿಯಲ್ಲಿ ರೋಗ ಬಹು ವೇಗವಾಗಿ ಮೂಳೆಗೆ ಇಳಿಯಿತು. ಎಂಬತ್ತೊಂದು ಮಂದಿಯಲ್ಲಿ ನಿಧಾನವಾಗಿ ಮುಂದುವರಿಯಿತು. ಉಳಿದ ಹನ್ನೊಂದು ಮಂದಿಯಲ್ಲಿ ವಸಡಿನ ಉರಿಯೂತದಾಚೆಗೆ ಹೋಗಲೇ ಇಲ್ಲ.

ಈ ಹನ್ನೊಂದು ಮಂದಿಯನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ‘ನಮ್ಮ ಅಜ್ಜಿ ತೊಂಬತ್ತರಲ್ಲಿಯೂ ಕಬ್ಬು ಸಿಗಿಯುತ್ತಿದ್ದಳು, ಇದ್ದಿಲು ಉಪ್ಪು ಬಿಟ್ಟರೆ ಬೇರೆ ಕಂಡವಳಲ್ಲ’ ಎಂದು ಹೇಳುವವರು ಪ್ರತಿ ಊರಿನಲ್ಲಿಯೂ ಉಂಟು. ಅವರು ಸುಳ್ಳು ಹೇಳುತ್ತಿಲ್ಲ. ಏನನ್ನು ಮಾಡಿದರೂ, ಏನನ್ನೂ ಮಾಡದಿದ್ದರೂ, ಹುಟ್ಟಿನಿಂದ ಬಂದ ದೇಹಗುಣದಿಂದ ಹಲ್ಲು ಉಳಿಸಿಕೊಳ್ಳುವವರು ನೂರಕ್ಕೆ ಕೆಲವರು ಇರಬಹುದು. ಅಂಥವರು ಇದ್ದಿಲು ಬಳಸಿದ್ದರೆ ಕೀರ್ತಿ ಇದ್ದಿಲಿಗೆ, ಬೇವು ಬಳಸಿದ್ದರೆ ಬೇವಿಗೆ, ಸೀಸೆಯ ಗುಳಿಗೆ ನುಂಗಿದ್ದರೆ ಸೀಸೆಗೆ. ಹಲ್ಲು ಹೋದ ಅಜ್ಜಿಯರೂ ಅದೇ ಇದ್ದಿಲನ್ನೇ ಬಳಸಿದ್ದರು. ಆದರೆ ಅವರ ಮಾತನ್ನು ಯಾರೂ ಸಾಕ್ಷ್ಯವಾಗಿ ಎತ್ತಿಕೊಳ್ಳಲಿಲ್ಲ. ಜಾಹೀರಾತಿನಲ್ಲಿ ಬಂದು ನಗುವ ಮುದುಕರೂ ಇದೇ ಅದೃಷ್ಟವಂತರ ಗುಂಪಿನವರಿರಬಹುದೆಂಬ ಸಂದೇಹ ನನಗೆ ಆಗಲೇ ಹುಟ್ಟಬೇಕಾಗಿತ್ತು.

ಹೀಗೆಂದಮಾತ್ರಕ್ಕೆ ಮೂಲಿಕೆಗಳಲ್ಲಿ ಸತ್ತ್ವವಿಲ್ಲವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅಜ್ಞಾನ. ಅಳಲೆ, ತಾರೆ, ನೆಲ್ಲಿಗಳು ಕೂಡಿದ ತ್ರಿಫಲೆಯ ಕಷಾಯದಿಂದ ಬಾಯಿ ಮುಕ್ಕಳಿಸಿದರೆ ಹಲ್ಲಿನ ಲೋಳೆಯೂ ವಸಡಿನ ಊತವೂ ಕಡಮೆಯಾಗುವುದನ್ನು ನಮ್ಮ ದೇಶದ ದಂತವೈದ್ಯ ಕಾಲೇಜುಗಳಲ್ಲಿಯೇ ಪರೀಕ್ಷಿಸಿ ನೋಡಿದ್ದಾರೆ. ದಂತವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ದ್ರಾವಣಕ್ಕೆ ಅದು ಹೆಚ್ಚುಕಡಮೆ ಸಮನಾಗಿ ಕಂಡ ಪ್ರಯೋಗಗಳುಂಟು. ಆ ದ್ರಾವಣದಿಂದ ಹಲ್ಲಿಗೆ ಹತ್ತುವ ಕಂದು ಕಲೆಯನ್ನು ನೆನೆದರೆ ಇದು ಸಣ್ಣ ಲಾಭವಲ್ಲ. ಬೇವಿನ ಸಾರವನ್ನೂ ಅರಿಶಿನದ ಲೇಪವನ್ನೂ ಹೀಗೆಯೇ ಪರೀಕ್ಷಿಸಿದ್ದಾರೆ. ಆದರೆ ಈ ಪ್ರಯೋಗಗಳಲ್ಲಿ ಹೆಚ್ಚಿನವು ಕೆಲವೇ ಹತ್ತು ಜನರ ಮೇಲೆ, ಕೆಲವೇ ವಾರಗಳ ಕಾಲ ನಡೆದಂಥವು. ಅವುಗಳ ಪ್ರಯೋಜನ ಕಂಡದ್ದು ಮುಖ್ಯವಾಗಿ ಉರಿಯೂತದ ಘಟ್ಟದಲ್ಲಿ. ಮೂಳೆಗೆ ಇಳಿದ ರೋಗದಲ್ಲಿ ಅರಿಶಿನದ ಲೇಪವನ್ನು ಪರೀಕ್ಷಿಸಿದಾಗ ಸಾಮಾನ್ಯವಾಗಿ ಮೊದಲು ಕಿಟ್ಟವನ್ನು ಕೆರೆದು ತೆಗೆದು, ಆಮೇಲೆ ಲೇಪವನ್ನು ಚೀಲದೊಳಕ್ಕೆ ಇಟ್ಟಿದ್ದಾರೆ. ಜಾಹೀರಾತು ಈ ಪರೀಕ್ಷೆಗಳ ಹೆಸರು ಹೇಳುವಾಗ ಆ ಮೊದಲರ್ಧವನ್ನು ನುಂಗಿಬಿಡುತ್ತದೆ. ಮುಕ್ಕಳಿಸಿದ ಕಷಾಯ ಐದಾರು ಮಿಲಿಮೀಟರ್ ಆಳದ ಚೀಲದ ತಳಕ್ಕೆ ಇಳಿಯದು. ನುಂಗಿದ ಗುಳಿಗೆ ಹಲ್ಲಿಗೆ ಅಂಟಿದ ಕಲ್ಲನ್ನು ಹೊಟ್ಟೆಯಿಂದ ಕರಗಿಸಲಾರದು.

ಸಸ್ಯವೇ ಪೂರ್ಣ ಔಷಧಿಯಾಗುವ ವಸಡಿನ ರೋಗವೂ ಒಂದುಂಟು. ದೀರ್ಘ ಸಮುದ್ರಯಾನದಲ್ಲಿ ನಾವಿಕರ ವಸಡು ಊದಿ, ರಕ್ತ ಸುರಿದು, ಹಲ್ಲು ಉದುರುತ್ತಿತ್ತು. ೧೭೪೭ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ ಹನ್ನೆರಡು ಮಂದಿ ರೋಗಿಗಳಿಗೆ ಇಬ್ಬಿಬ್ಬರಂತೆ ಬೇರೆ ಬೇರೆ ಪದಾರ್ಥಗಳನ್ನು ಕೊಟ್ಟು ನೋಡಿದ. ಕಿತ್ತಳೆ ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಆ ರೋಗಕ್ಕೆ ಕಾರಣ ಸಿ ಜೀವಸತ್ತ್ವದ ಕೊರತೆ. ಕೊರತೆ ತುಂಬಿದೊಡನೆ ಗುಣ. ಹಣ್ಣು ತರಕಾರಿ ಕಾಣದೆ ಗಂಜಿ ಬ್ರೆಡ್ಡಿನಲ್ಲಿ ದಿನ ಕಳೆಯುವ ಒಂಟಿ ಮುದುಕರಿಗೆ ನೆಲ್ಲಿಕಾಯಿ ಈಗಲೂ ಹಿತವೇ. ಆದರೆ ಕೊರತೆಯಿಂದ ಬಂದ ರೋಗಕ್ಕೂ ಕಸದಿಂದ ಬಂದ ರೋಗಕ್ಕೂ ಒಂದೇ ಮದ್ದೆಂದು ತಿಳಿಯಲಾಗದು.

ಇಷ್ಟೆಲ್ಲ ಹೊಸಬರ ಮಾತಾಯಿತು, ನಮ್ಮ ಪ್ರಾಚೀನರು ಏನೆಂದರು ಎಂದು ಕೇಳುವವರಿದ್ದಾರೆ. ಅಮ್ಮನ ಹಲ್ಲು ಬಿದ್ದಮೇಲೆ ನಾನೂ ಅದನ್ನೇ ಕೇಳಿಕೊಂಡು, ಕಾಲೇಜಿನ ಗ್ರಂಥಾಲಯದಲ್ಲಿ ಸುಶ್ರುತಸಂಹಿತೆಯನ್ನು ತೆರೆದೆ. ಮುಖದ ರೋಗಗಳು ಅರುವತ್ತೈದು, ಅವುಗಳಲ್ಲಿ ದಂತಮೂಲಕ್ಕೆ ಸೇರಿದವು ಹದಿನೈದು ಎಂದು ನಿದಾನಸ್ಥಾನದಲ್ಲಿ ಎಣಿಕೆಯಿದೆ. ಕೀವು ರಕ್ತ ಒಸರಿ ಹಲ್ಲು ಅಲುಗುವುದನ್ನು ಅಲ್ಲಿ ದಂತವೇಷ್ಟವೆಂದು ಕರೆದಿದ್ದಾರೆ. ಅದು ನನ್ನ ತಾಯಿಯ ರೋಗದ ವರ್ಣನೆಯೇ. ಚಿಕಿತ್ಸಾಸ್ಥಾನದಲ್ಲಿ ಅದಕ್ಕೆ ಹೇಳಿರುವ ಕ್ರಮವನ್ನು ನೋಡಿ: ಮೊದಲು ದುಷ್ಟರಕ್ತವನ್ನು ಹೊರಡಿಸಬೇಕು, ಆಮೇಲೆ ಲೋಧ್ರ, ಯಷ್ಟಿಮಧು, ಅರಗು ಮುಂತಾದವುಗಳ ಚೂರ್ಣವನ್ನು ಜೇನಿನೊಡನೆ ತಿಕ್ಕಬೇಕು, ಆಲ ಅತ್ತಿ ಅರಳಿ ಮೊದಲಾದ ಹಾಲುಮರಗಳ ಕಷಾಯದಿಂದ ಮುಕ್ಕಳಿಸಬೇಕು. ಹಲ್ಲಿನ ಕಿಟ್ಟಕ್ಕೆ ಅವರು ಇಟ್ಟ ಹೆಸರು ದಂತಶರ್ಕರೆ. ಅದನ್ನು ವೈದ್ಯನು ಹಲ್ಲಿನ ಮೂಲಕ್ಕೆ ಹಿಂಸೆಯಾಗದಂತೆ ಕಿತ್ತು ತೆಗೆದು, ಅನಂತರ ಅರಗಿನ ಚೂರ್ಣವನ್ನು ಜೇನಿನಲ್ಲಿ ಕಲಸಿ ಹಚ್ಚಬೇಕೆಂದು ವಿಧಿ. ಸೂತ್ರಸ್ಥಾನದ ಶಸ್ತ್ರಗಳ ಪಟ್ಟಿಯಲ್ಲಿ ದಂತಶಂಕು ಎಂಬ ಉಪಕರಣದ ಹೆಸರೂ ಇದೆ.

ಪುಟವನ್ನು ಮುಚ್ಚಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಶಸ್ತ್ರ ಮೊದಲು, ಸಸ್ಯ ಆಮೇಲೆ ಎಂದು ಸುಶ್ರುತನೇ ಹೇಳಿಟ್ಟಿದ್ದಾನೆ. ಚರಕಸಂಹಿತೆಯೂ ದಿನಕ್ಕೆ ಎರಡು ಹೊತ್ತು ಹಲ್ಲುಕಡ್ಡಿಯಿಂದ, ವಸಡಿಗೆ ನೋವಾಗದಂತೆ ಹಲ್ಲು ಶುದ್ಧಿ ಮಾಡಿಕೊಳ್ಳಬೇಕೆಂದು ದಿನಚರಿಯಲ್ಲಿ ವಿಧಿಸುತ್ತದೆ. ಪರಂಪರೆಯ ಹೆಸರಿನಲ್ಲಿ ನಮಗೆ ಮಾರುತ್ತಿರುವುದು ಈ ಶಾಸ್ತ್ರದ ಉತ್ತರಾರ್ಧವನ್ನು ಮಾತ್ರ. ಕ್ರಿಯೆಯನ್ನು ಕಳೆದು ದ್ರವ್ಯವನ್ನಷ್ಟೇ ಉಳಿಸಿಕೊಂಡರೆ ಅದು ಆಯುರ್ವೇದವೂ ಆಗದು, ಇಂದಿನ ವೈದ್ಯವೂ ಆಗದು. ಅಂಗಡಿಯವನಿಗೆ ಇದರಲ್ಲಿ ಅನುಕೂಲವುಂಟು. ಕ್ರಿಯೆಗೆ ವೈದ್ಯ ಬೇಕು, ರೋಗಿಯ ಬಾಯಿ ತೆರೆಯಬೇಕು. ದ್ರವ್ಯವಾದರೆ ಅಂಚೆಯಲ್ಲಿ ಬರುತ್ತದೆ.

ಇನ್ನು ಕಾನೂನಿನ ಮಾತು. ಆಯುರ್ವೇದದ ಔಷಧಿಗಳು ೧೯೪೦ರ ಔಷಧಿ ಕಾಯಿದೆಗೆ ೧೯೬೪ರಲ್ಲಿ ಸೇರಿದ ಪ್ರತ್ಯೇಕ ಅಧ್ಯಾಯಕ್ಕೆ ಒಳಪಡುತ್ತವೆ. ಪೂರಕ ಆಹಾರವೆಂದು ಮಾರುವ ಗುಳಿಗೆಗಳು ೨೦೦೬ರ ಆಹಾರ ಸುರಕ್ಷತಾ ಕಾಯಿದೆಯ ಕೆಳಗೆ ಬರುತ್ತವೆ. ಈ ಎರಡನೆಯ ಬಗೆಯ ಸೀಸೆಯ ಮೇಲೆ ‘ಔಷಧೀಯ ಉಪಯೋಗಕ್ಕಲ್ಲ’ ಎಂದು ಅಚ್ಚುಹಾಕಬೇಕೆಂದು ೨೦೧೬ರ ನಿಯಮವಿದೆ. ಹಲ್ಲು ಬಿದ್ದಮೇಲೆ ಕನ್ನಡಕ ಹಾಕಿಕೊಂಡು ನೋಡಿದಾಗ ನಮ್ಮ ಮನೆಯ ಸೀಸೆಯ ಮೇಲೂ ಆ ವಾಕ್ಯವಿತ್ತು, ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳಲ್ಲಿ. ಮುಂಭಾಗದಲ್ಲಿ ರೋಗದ ಹೆಸರು ದೊಡ್ಡದು, ಹಿಂಭಾಗದಲ್ಲಿ ಔಷಧಿಯಲ್ಲವೆಂಬ ಒಪ್ಪಿಗೆ ಚಿಕ್ಕದು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯವನ್ನೆಲ್ಲ ಕನ್ನಡದಲ್ಲಿ ಬರೆದು ‘ಖಗೇಂದ್ರಮಣಿದರ್ಪಣ’ವನ್ನು ಕೊಟ್ಟನು. ಆ ಭಾಷೆಯ ಮುದುಕಿ ಇಂದು ತಾನು ನುಂಗುವುದು ಔಷಧಿಯೋ ಆಹಾರವೋ ಎಂಬುದನ್ನು ತನ್ನ ಭಾಷೆಯಲ್ಲಿ ಓದಲಾರಳು.

ಜಾಹೀರಾತಿನ ಮೇಲಿನ ಹಿಡಿತವೂ ಈಚಿನ ವರ್ಷಗಳಲ್ಲಿ ಅತ್ತಿತ್ತ ತೂಗಾಡಿದೆ. ಆಯುರ್ವೇದ ಮೊದಲಾದ ಔಷಧಿಗಳನ್ನು ಜಾಹೀರುಮಾಡುವ ಮುನ್ನ ರಾಜ್ಯದ ಅಧಿಕಾರಿಯ ಅನುಮತಿ ಪಡೆಯಬೇಕೆಂಬ ನಿಯಮ ೨೦೧೮ರಲ್ಲಿ ಬಂದಿತು. ೨೦೨೪ರ ಜುಲೈಯಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು. ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೆಗೆದುಹಾಕುವಿಕೆಗೆ ತಡೆಯಿತ್ತಿತು. ೨೦೨೫ರಲ್ಲಿ ಆ ಮೊಕದ್ದಮೆ ಮುಗಿದು ತಡೆಯೂ ತೆರವಾಯಿತು. ಅತಿಶಯದ ಜಾಹೀರಾತುಗಳನ್ನು ನಿಷೇಧಿಸುವ ೧೯೫೪ರ ಕಾಯಿದೆ ಇನ್ನೂ ಇದೆ. ಆದರೆ ಅದು ದೂರು ಬಂದಮೇಲೆ ಎಚ್ಚರಗೊಳ್ಳುವ ಕಾಯಿದೆ. ಹಲ್ಲು ಕಳೆದುಕೊಂಡ ಮುದುಕಿ ಯಾರ ಮೇಲೆ ದೂರು ಕೊಟ್ಟಾಳು?

‘ಸಸ್ಯದಿಂದ ಮಾಡಿದ್ದು, ಅಪಾಯವಿಲ್ಲ’ ಎಂಬ ಮಾತಿಗೆ ನಾವು ಬಹು ಸುಲಭವಾಗಿ ಒಲಿಯುತ್ತೇವೆ. ಹೊಗೆಸೊಪ್ಪೂ ಸಸ್ಯವೇ. ಹಲ್ಲುಪುಡಿಯಲ್ಲಿ ಅದನ್ನು ಬೆರೆಸಿ ಮಾರುತ್ತಿದ್ದುದರಿಂದ ೧೯೯೨ರಲ್ಲಿ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು; ಆದರೂ ನಶ್ಯದಿಂದಲೋ ಕಡ್ಡಿಪುಡಿಯಿಂದಲೋ ವಸಡು ತಿಕ್ಕುವ ವೃದ್ಧೆಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹೊಗೆಸೊಪ್ಪಿನ ಗುಣವೊಂದು ಬಹು ಮೋಸದ್ದು. ಸೇದುವವನ ವಸಡಿನ ರಕ್ತನಾಳಗಳನ್ನು ಅದು ಸಂಕೋಚಗೊಳಿಸುವುದರಿಂದ ರಕ್ತ ಬರುವುದು ಕಡಮೆಯಾಗಿ, ರೋಗ ವಾಸಿಯಾದಂತೆ ತೋರುತ್ತದೆ. ಒಳಗೆ ಮೂಳೆ ಕರಗುತ್ತಲೇ ಇರುತ್ತದೆ. ಅಡಕೆಯೂ ಸಸ್ಯವೇ, ಹೊಗೆಸೊಪ್ಪಿಲ್ಲದ ಎಲೆಯಡಕೆಯೂ ಬಾಯಿಯ ಅರ್ಬುದಕ್ಕೆ ಕಾರಣವೆಂದು ಅಂತರರಾಷ್ಟ್ರೀಯ ತಜ್ಞಮಂಡಲಿ ೨೦೦೩ರಲ್ಲಿ ನಿರ್ಣಯಿಸಿದೆ. ನನ್ನ ತಾಯಿಯ ಗುಳಿಗೆಯಲ್ಲಿದ್ದ ಯಷ್ಟಿಮಧುವನ್ನು ಹೆಚ್ಚು ಕಾಲ ಸೇವಿಸಿದರೆ ರಕ್ತದ ಒತ್ತಡ ಏರಬಹುದು. ಅಡುಗೆಯ ಅರಿಶಿನ ನಿರಪಾಯವಾದರೂ, ಅದರ ಸಾರವನ್ನು ಸಾಂದ್ರಗೊಳಿಸಿದ ಗುಳಿಗೆಗಳಿಂದ ಯಕೃತ್ತಿಗೆ, ಅಂದರೆ ಲಿವರಿಗೆ, ಹಾನಿಯಾದ ಪ್ರಸಂಗಗಳು ದಾಖಲಾಗಿವೆ. ರಕ್ತ ತೆಳುವಾಗಲು ಮಾತ್ರೆ ನುಂಗುವ ವೃದ್ಧರು ಇಂಥ ಸಾಂದ್ರಸಾರಗಳನ್ನು ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಕೂಡದು.

ಮುಪ್ಪಿನ ಬಾಯಿಗೆ ತನ್ನದೇ ಆದ ಕಷ್ಟಗಳೂ ಇವೆ. ಬೆರಳ ಗಂಟು ನೋಯುವ ಕೈಗೆ ಕುಂಚ ಹಿಡಿಯಲಾಗದು. ಮಂಜಾದ ಕಣ್ಣಿಗೆ ಕಿಟ್ಟ ಕಾಣದು. ಅನೇಕ ಮಾತ್ರೆಗಳು ಬಾಯಿಯ ಎಂಜಲನ್ನು ಒಣಗಿಸುತ್ತವೆ. ರಕ್ತದೊತ್ತಡಕ್ಕೆ ನಮ್ಮಲ್ಲಿ ಬಹಳವಾಗಿ ಕೊಡುವ ಆಮ್ಲೋಡಿಪಿನ್ ಎಂಬ ಮಾತ್ರೆಯಿಂದ ಕೆಲವರಿಗೆ ವಸಡೇ ದಪ್ಪನಾಗಿ ಬೆಳೆಯುತ್ತದೆ. ಅಲ್ಲಿ ಬೇಕಾಗುವುದು ಬಾಯಿಯ ಶುದ್ಧಿ, ಮತ್ತು ಆ ಮಾತ್ರೆಯನ್ನು ಬದಲಿಸಬಹುದೇ ಎಂದು ವೈದ್ಯರನ್ನು ವಿಚಾರಿಸುವುದು. ಸಕ್ಕರೆ ಕಾಯಿಲೆಗೂ ವಸಡಿಗೂ ಇರುವ ನಂಟು ಎರಡು ಕಡೆಯದು. ಸಕ್ಕರೆ ಹೆಚ್ಚಿದರೆ ವಸಡು ಬೇಗ ಕೆಡುತ್ತದೆ. ಕೆಟ್ಟ ವಸಡು ಸಕ್ಕರೆಯನ್ನು ಹತೋಟಿಗೆ ಬಾರದಂತೆ ಮಾಡುತ್ತದೆ. ಕಿಟ್ಟ ತೆಗೆಸಿ ವಸಡನ್ನು ಸರಿಪಡಿಸಿದರೆ, ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯ ಅಂಕ ಸುಮಾರು ಅರ್ಧದಷ್ಟು ಇಳಿಯುತ್ತದೆಂದು, ಅಂದರೆ ಎಂಟು ಇದ್ದದ್ದು ಏಳೂವರೆಗೆ ಬರುತ್ತದೆಂದು, ೨೦೨೨ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಒಂದು ಹೊಸ ಮಾತ್ರೆಯಿಂದ ನಾವು ನಿರೀಕ್ಷಿಸುವ ಫಲಕ್ಕೆ ಇದು ಬಹಳ ಕಡಮೆಯಲ್ಲ.

ಅಮ್ಮನನ್ನು ಕಡೆಗೂ ದಂತವೈದ್ಯರ ಬಳಿಗೆ ಕರೆದುಕೊಂಡು ಹೋದೆ. ನನಗಿಂತ ಕಿರಿಯ ವಯಸ್ಸಿನ ಆ ವೈದ್ಯೆ ಸೀಸೆಯನ್ನು ತಿರುಗಿಸಿ ನೋಡಿ, “ಔಷಧಿ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ ಸರ್. ಆದರೆ ಕಸ ಗುಡಿಸದೆ ನೆಲ ಸಾರಿಸಿದ ಹಾಗಾಯಿತು” ಎಂದರು. ಅಮ್ಮನಿಗೆ ಒಂದು ಭಯವಿತ್ತು. ಹಲ್ಲು ಕೆರೆಸಿದರೆ ಸಡಿಲವಾಗುತ್ತದೆಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. “ಅಮ್ಮಾ, ಗೋಡೆಯ ಇಟ್ಟಿಗೆ ಹೋದ ಕಡೆ ಮಣ್ಣು ತುಂಬಿಕೊಂಡಿದೆ. ಮಣ್ಣು ತೆಗೆದರೆ ಕಿಂಡಿ ಕಾಣುತ್ತೆ, ಕಿಂಡಿ ಮಾಡಿದ್ದು ನಾವಲ್ಲ” ಎಂದು ಆಕೆ ತಿಳಿಯಹೇಳಿದರು. ಅಮ್ಮ ನಕ್ಕು, ಬಾಯಿ ತೆರೆದಳು. ಒಂದು ವರ್ಷದ ಹಿಂದೆ ಬಂದಿದ್ದರೆ ಆ ಎರಡು ಹಲ್ಲುಗಳು ಉಳಿಯುತ್ತಿದ್ದುವೇ ಎಂದು ನಾನು ಕೇಳಿದೆ. ವೈದ್ಯೆ ನನ್ನ ಮುಖವನ್ನು ನೋಡಿ, ಉಳಿದ ಹಲ್ಲುಗಳ ಮಾತಾಡೋಣ ಎಂದರು.

ನಮ್ಮ ಸರ್ಕಾರದ ನಡೆಯೂ ನನ್ನ ನಡೆಗಿಂತ ಬಹಳ ಬೇರೆಯಾಗಿಲ್ಲ. ೨೦೨೪ರ ಅಕ್ಟೋಬರಿನಿಂದ ಎಪ್ಪತ್ತು ದಾಟಿದವರಿಗೆಲ್ಲ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಭರವಸೆ ದೊರೆತಿದೆ, ಇದು ಶ್ಲಾಘ್ಯವಾದುದು. ಆದರೆ ಅದು ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಅರ್ಧ ಗಂಟೆಯಲ್ಲಿ ಕಿಟ್ಟ ತೆಗೆಸಿಕೊಂಡು ಮನೆಗೆ ಮರಳುವವನಿಗೆ ಅದು ಅನ್ವಯಿಸದು. ಕರ್ನಾಟಕದಲ್ಲಿ ದಶಕದ ಹಿಂದೆ ಆರಂಭವಾದ ‘ದಂತಭಾಗ್ಯ’ ಯೋಜನೆ ಹಲ್ಲೆಲ್ಲ ಹೋದ ಬಡ ವೃದ್ಧರಿಗೆ ಕಟ್ಟುಹಲ್ಲನ್ನು ಉಚಿತವಾಗಿ ಒದಗಿಸಿತು. ಅದರಿಂದ ಮತ್ತೆ ರೊಟ್ಟಿ ಮುರಿದು ತಿಂದವರನ್ನು ನಾನು ಕಂಡಿದ್ದೇನೆ. ಯೋಜನೆಯನ್ನು ಹಳಿಯುವ ಮನಸ್ಸಿಲ್ಲ. ಆದರೂ ಹಲ್ಲು ಪೂರ್ತಿ ಹೋದಮೇಲೆ ಬರುವ ಭಾಗ್ಯ ಹಲ್ಲು ಅಲುಗುವಾಗಲೇ ಬರಬಾರದೇ? ದಂತವೈದ್ಯ ಕಾಲೇಜುಗಳು ನಲವತ್ತರ ಆಸುಪಾಸಿನಲ್ಲಿರುವ ರಾಜ್ಯ ನಮ್ಮದು. ವೃದ್ಧಾಪ್ಯವೇತನ ಪಡೆಯುವ ಪ್ರತಿಯೊಬ್ಬರ ಬಾಯಿಯನ್ನೂ ವರ್ಷಕ್ಕೊಮ್ಮೆ ನೋಡಿ ಕಿಟ್ಟ ತೆಗೆಯುವುದು ಈ ಕಾಲೇಜುಗಳಿಗೂ ತಾಲ್ಲೂಕು ಆಸ್ಪತ್ರೆಗಳಿಗೂ ಅಸಾಧ್ಯವಾದ ಕೆಲಸವೆಂದು ನನಗೆ ತೋರುವುದಿಲ್ಲ. ಸಕ್ಕರೆ ಕಾಯಿಲೆಯ ಪರೀಕ್ಷೆ ನಡೆಯುವಲ್ಲಿಯೇ ಬಾಯಿಯ ಪರೀಕ್ಷೆಯೂ ನಡೆದರೆ ಮುದುಕರಿಗೆ ಇನ್ನೊಂದು ಬಸ್ಸು ಹತ್ತುವ ಕಷ್ಟ ತಪ್ಪುತ್ತದೆ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದೂ ಸ್ವಲ್ಪವಲ್ಲ. ತಂದೆತಾಯಿಯರ ಬಾಯಿಯಲ್ಲಿ ರಕ್ತ ಕಂಡರೆ, ಹಲ್ಲು ಉದ್ದವಾದಂತೆ ತೋರಿದರೆ, ಬಾಯಿ ವಾಸನೆ ಬಂದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯದೆ ವೈದ್ಯರಿಗೆ ತೋರಿಸುವುದು. ಮೆದುವಾದ ಕುಂಚವನ್ನು ತಂದುಕೊಟ್ಟು, ಕೈ ನಡುಗುವವರಿಗೆ ಅದರ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡಿಕೊಡುವುದು. ಒರಟು ಹಲ್ಲುಪುಡಿಯಿಂದ ಬೇರು ಸವೆಯದಂತೆ ನೋಡಿಕೊಳ್ಳುವುದು. ಇಷ್ಟಾದಮೇಲೆ ತ್ರಿಫಲೆಯ ಕಷಾಯದಲ್ಲಿ ಮುಕ್ಕಳಿಸಲಿ, ಬೇವಿನ ಕಡ್ಡಿಯನ್ನು ಮೆತ್ತಗೆ ಜಗಿದು ಉಜ್ಜಲಿ. ಅವು ತಮ್ಮ ಕೆಲಸವನ್ನು ಮಾಡುತ್ತವೆ. ಗುಡಿಸಿದ ನೆಲವನ್ನು ಸಾರಿಸಿದರೆ ಚೆನ್ನವ್ವೇ.

ಅಮ್ಮ ಈಗ ದಿನವೂ ಎರಡು ಹೊತ್ತು ಉಜ್ಜುತ್ತಾಳೆ, ರಾತ್ರಿ ಕಷಾಯದಲ್ಲಿ ಮುಕ್ಕಳಿಸುತ್ತಾಳೆ. ಆರು ತಿಂಗಳಿಗೊಮ್ಮೆ ನಾನು ರಜೆ ಹಾಕಿ ಊರಿಗೆ ಹೋಗಿ ವೈದ್ಯೆಯ ಬಳಿ ಕರೆದೊಯ್ಯುತ್ತೇನೆ. ರಕ್ತ ನಿಂತಿದೆ, ಉಳಿದ ಹಲ್ಲುಗಳು ಸದ್ಯಕ್ಕೆ ಉಳಿದಿವೆ. ಬಿದ್ದ ಎರಡರ ಜಾಗಕ್ಕೆ ಕಟ್ಟಿಸೋಣವೆಂದರೆ ಒಪ್ಪುತ್ತಿಲ್ಲ. ಎಲೆಯಡಕೆಯನ್ನು ಕುಟ್ಟುತ್ತಿದ್ದ ಕುಟ್ಟಾಣಿಯಲ್ಲಿ ಈಗ ಹುರಿಗಡಲೆಯನ್ನು ಕುಟ್ಟಿ ತಿನ್ನುತ್ತಾಳೆ. ಮೊನ್ನೆ ಹೋಗಿದ್ದಾಗ ನನ್ನ ಕೈಗೂ ಒಂದು ಚಿಟಿಕೆ ಹಾಕಿ, “ನಿನ್ನ ವಸಡನ್ನು ತೋರಿಸಿದೆಯಾ?” ಎಂದು ಕೇಳಿದಳು. ನನಗೆ ನಲವತ್ತಾರು. ತೋರಿಸಿರಲಿಲ್ಲ. ಮರುದಿನ ಬೆಳಿಗ್ಗೆ ನಾವಿಬ್ಬರೂ ಒಟ್ಟಿಗೆ ಹೋದೆವು.